ಭಟ್ಟರು ಆರಿಸಿದ ಮೀನಿನ ರೀಲು

ನಮ್ಮ ಕಡೆ ಮನುಷ್ಯ ಬೇರೆ ಏನನ್ನು ಬೇಕಾದರೂ ತಪ್ಪಿಸಿಕೊಳ್ಳಬಹುದು, ಸನ್ಮಾನವನ್ನು ಮಾತ್ರ ತಪ್ಪಿಸಿಕೊಳ್ಳಲಿಕ್ಕಾಗುವುದಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಇಣುಕಿದರೆ ಯಾವುದಾದರೂ ಒಂದು ಸಭಾಭವನದಲ್ಲಿ ಯಾರಿಗಾದರೂ ಶಾಲು ಹೊದೆಸುತ್ತಿರುವುದು ಕಂಡೇ ಕಾಣುತ್ತದೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಇವುಗಳಿಂದ ಯಾರಿಗೂ ಉಪದ್ರವಿಲ್ಲ. ಉಪದ್ರವೆಲ್ಲ ಕೊನೆಗೆ ಬರುವ ಸ್ಮರಣಿಕೆಯದು. ನಮ್ಮ ಹೈಸ್ಕೂಲಿನಲ್ಲಿ ಅದು ಯಾವಾಗಲೂ ಗೋಡೆ ಗಡಿಯಾರ. ಮೂವತ್ತು ವರ್ಷ ಗಂಟೆ ನೋಡಿ ನೋಡಿ ಸಾಕಾಗಿ ಮನೆಗೆ ಹೊರಟವನ ಕೈಗೆ ನಾವು ಪುನಃ ಗಂಟೆಯನ್ನೇ ಕೊಟ್ಟು ಕಳಿಸುತ್ತೇವೆ. ಈ ಪದ್ಧತಿಯನ್ನು ಮುರಿಯಲು ಹೋಗಿ ನಾನು ಯಾವ ಅವಸ್ಥೆಗೆ ಬಂದೆ ಎಂಬುದನ್ನು ನಿಮ್ಮಲ್ಲಿ ಹೇಳಿಕೊಳ್ಳದಿದ್ದರೆ ಇನ್ಯಾರಲ್ಲಿ ಹೇಳಲಿ?

ನಿವೃತ್ತರಾಗುವವರು ನಮ್ಮ ಪಿ.ಟಿ. ಮಾಸ್ಟ್ರು ಸಂಜೀವ ಶೆಟ್ರು. ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತವರು. ನಾನು ವಿಜ್ಞಾನದ ಮಾಸ್ಟ್ರು, ಮೂಡುಬಿದಿರೆಯ ಭಟ್ಟ, ಮೀನನ್ನು ಪಾಠಪುಸ್ತಕದಲ್ಲಿ ಅಡ್ಡ ಸೀಳಿದ ಚಿತ್ರವಾಗಿ ಮಾತ್ರ ಕಂಡವನು. ಶೆಟ್ರ ಮನೆ ಬೆಳ್ತಂಗಡಿ ಕಡೆ ನದಿಯ ದಡದಲ್ಲಿ. ರಜೆ ಸಿಕ್ಕಿದರೆ ಗಾಳ ಹಿಡಿದು ನೀರಿನ ಬದಿಯಲ್ಲಿ ಕೂತುಬಿಡುತ್ತಾರೆ. ಮೈದಾನದಲ್ಲಿ ಸೀಟಿ ಊದಿ ಊದಿ ದಣಿದ ಗಂಟಲಿಗೆ ಅಷ್ಟಾದರೂ ಮೌನ ಬೇಡವೇ? ಕಳೆದ ವರ್ಷ ಅವರ ಅಳಿಯ ದುಬೈಯಿಂದ ಬರುವಾಗ ಒಂದು ಉಂಡೆ ನೂಲು ತಂದುಕೊಟ್ಟ. ಅದರ ಹೆಸರು ಫ್ಲೋರೋಕಾರ್ಬನ್. ನೀರಿಗಿಳಿದರೆ ಕಣ್ಣಿಗೇ ಕಾಣುವುದಿಲ್ಲವಂತೆ, ಮೀನಿಗೂ ಗೊತ್ತಾಗುವುದಿಲ್ಲವಂತೆ. ಶೆಟ್ರು ಅದನ್ನು ಶಾಲೆಗೆ ತಂದು, ಬೆಳಕಿಗೆ ಹಿಡಿದು, ಚಿನ್ನದ ಸರ ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದರು. ಆಮೇಲೆ ಮೇಜಿನ ಡ್ರಾಯರಿನಲ್ಲಿ ಸೀಟಿಯ ಪಕ್ಕ ಇಟ್ಟುಕೊಂಡರು.

ಇಟ್ಟುಕೊಳ್ಳಲಿಕ್ಕೆ ಕಾರಣ, ಅವರ ಹಳೆಯ ರೀಲಿಗೂ ಈ ನೂಲಿಗೂ ಆಗಿಬರುತ್ತಿರಲಿಲ್ಲ. ರೀಲೆಂದರೆ ಗಾಳದ ಕೋಲಿನ ಬುಡದಲ್ಲಿ ನೂಲು ಸುತ್ತುವ ರಾಟೆ. "ಭಟ್ರೇ, ಈ ನೂಲಿಗೆ ಜ್ಞಾಪಕಶಕ್ತಿ ಜಾಸ್ತಿ. ನನ್ನ ರೀಲ್ ಸಣ್ಣದು. ಸಣ್ಣ ಉರುಟಲ್ಲಿ ಸುತ್ತಿದ್ರೆ ಆ ಉರುಟನ್ನೇ ನೆನಪಿಟ್ಟುಕೊಂಡು ಸ್ಪ್ರಿಂಗಿನ ಹಾಗೆ ಹಾರ್ತದೆ ಮಾರಾಯ್ರೇ," ಎಂದು ಶೆಟ್ರು ಆಗಾಗ ಗೋಳು ಹೇಳಿಕೊಳ್ಳುತ್ತಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ಮೊದಲ ಹತ್ತು ಧಾತುಗಳ ಹೆಸರು ನೆನಪಿರುವುದಿಲ್ಲ, ಯಕಶ್ಚಿತ್ ಒಂದು ನೂಲಿಗೆ ಇಷ್ಟು ನೆನಪೇ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಬೀಳ್ಕೊಡುಗೆಯ ಮಾತುಕತೆಗೆ ಹೆಡ್‌ಮಿಸ್ಟ್ರೆಸ್ ಮೇಡಂ ಮೀಟಿಂಗ್ ಕರೆದಾಗ ಶೆಟ್ರು ಮೈದಾನದಲ್ಲಿ ವಾಲಿಬಾಲ್ ಆಡಿಸುತ್ತಿದ್ದರು. ಎಂದಿನಂತೆ ಗಡಿಯಾರದ ಪ್ರಸ್ತಾಪ ಬಂತು. ನನಗೆ ತಡೆಯಲಾಗಲಿಲ್ಲ. "ಅವರಿಗೆ ಬೇಕಾದದ್ದು ಆ ನೂಲಿಗೆ ಸರಿಯಾಗುವ ಒಂದು ರೀಲು," ಎಂದುಬಿಟ್ಟೆ. ಮೇಡಂ ಕನ್ನಡಕ ಸರಿಮಾಡಿಕೊಂಡು, "ಒಳ್ಳೇದಾಯ್ತು. ಹಾಗಾದ್ರೆ ನೀವೇ ತನ್ನಿ," ಎಂದರು. ನಾನು ಭಟ್ಟ, ನನಗೆ ಮೀನಿನ ಗಂಧಗಾಳಿ ಇಲ್ಲ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. "ನೀವು ಸಿ.ಬಿ.ಝೆಡ್. ಅಲ್ವಾ? ನೂಲು ಕೆಮಿಸ್ಟ್ರಿ, ಮೀನು ಜುವಾಲಜಿ. ನಿಮ್ಮದಲ್ಲದೆ ಮತ್ತೆ ಯಾರ ಸಬ್ಜೆಕ್ಟ್ ಅದು?" ಎಂದು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಶೆಟ್ರಿಗೆ ಸುಳಿವು ಸಿಗಬಾರದು ಎಂಬ ನಿರ್ಣಯವೂ ಸರ್ವಾನುಮತದಿಂದ ಪಾಸಾಯಿತು. ಇಡೀ ಭೂಮಂಡಲದಲ್ಲಿ ರೀಲಿನ ಬಗ್ಗೆ ತಿಳಿದ ಮನುಷ್ಯ ಎಂದು ನನಗೆ ಗೊತ್ತಿದ್ದದ್ದು ಶೆಟ್ರೊಬ್ಬರೇ. ಅವರನ್ನೇ ಕೇಳುವ ಹಾಗಿಲ್ಲ. ತಪ್ಪು ರೀಲು ತಂದರೆ ನೂಲು ಪುನಃ ಹಾರುತ್ತದೆ, ಇಪ್ಪತ್ತು ವರ್ಷದ ಗೆಳೆತನಕ್ಕೆ ನಾನು ಕೊಟ್ಟ ಕೊನೆಯ ಉಡುಗೊರೆ ಅಟ್ಟ ಸೇರುತ್ತದೆ. ನನಗೆ ಮಂಡೆ ಬಿಸಿಯಾಯಿತು.

ಹಾಗಾಗಿ ಸುತ್ತಿಬಳಸಿ ಕೇಳತೊಡಗಿದೆ. ಚಹಾ ಕುಡಿಯುವಾಗ, ಏನೂ ತಿಳಿಯದವನಂತೆ, "ಶೆಟ್ರೇ, ಒಂದು ವೇಳೆ, ಸುಮ್ಮನೆ ಒಂದು ಮಾತಿಗೆ, ಉರುಟು ದೊಡ್ಡದಿದ್ದರೆ ನೂಲು ಹಾರುವುದಿಲ್ವಾ?" ಎನ್ನುತ್ತಿದ್ದೆ. ಶೆಟ್ರು ಲೋಟ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದರು. ಮರುದಿನ, "ಮೀನು ಎಳೆದಾಗ ನೂಲು ತುಂಡಾಗದ ಹಾಗೆ ಎಂತ ಮಾಡ್ತಾರೆ?" ಎನ್ನುತ್ತಿದ್ದೆ. ಅವರು ಇನ್ನೂ ಹೆಚ್ಚು ಹೊತ್ತು ನೋಡುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಿ.ಸಿ.ರೋಡಿನಲ್ಲಿ ಬಲೆ, ಹಗ್ಗ, ಗಾಳ ಮಾರುವ ಇದಿನಬ್ಬ ಕಾಕರ ಅಂಗಡಿಗೆ ಹೋದೆ. ಆಚೆ ಈಚೆ ನೋಡಿ ಒಳಗೆ ನುಸುಳಿದ ನನ್ನನ್ನು ಕಂಡು ಕಾಕ, "ದಾರಿ ತಪ್ಪಿತಾ ಭಟ್ರೇ? ತರಕಾರಿ ಅಂಗಡಿ ಆಚೆ ಬದಿ ಉಂಟು," ಎಂದರು. ರೀಲು ಬೇಕು ಎಂದೆ. "ಯಾವ ಮೀನಿಗೆ?" ಎಂದರು. ಈ ಪ್ರಶ್ನೆ ಪರೀಕ್ಷೆಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ತಡಬಡಿಸಿ, "ಎಲುಬು ಇರುವ ಮೀನಿಗೆ," ಎಂದೆ. ಕಾಕ ನಗುತ್ತಾ ನಗುತ್ತಾ ಹಗ್ಗದ ಸುರುಳಿಯ ಮೇಲೆಯೇ ಕೂತುಬಿಟ್ಟರು. ನಗು ಮುಗಿದ ಮೇಲೆ ನೂಲು ಯಾವುದೆಂದು ವಿಚಾರಿಸಿದರು. ಹೆಸರು ಹೇಳಿದೆ. "ಅದು ಬಿರುಸು ನೂಲು. ಅದಕ್ಕೆ ನೂಲು ಸುತ್ತುವ ಸ್ಪೂಲ್ ಅಗಲ ಬೇಕು, ಅಂಚಿನವರೆಗೆ ತುಂಬಿಸ್ಬಾರ್ದು. ಮತ್ತೆ ಡ್ರ್ಯಾಗ್ ನಯ ಇರ್ಬೇಕು. ಅಂದ್ರೆ ಮೀನು ಎಳೆದಾಗ ಚೂರು ಚೂರೇ ಬಿಟ್ಟುಕೊಡ್ಬೇಕು, ಅದಕ್ಕೆ ಸುಸ್ತಾದಾಗ ಸುತ್ಬೇಕು. ನೀವು ಮಕ್ಕಳಿಗೆ ಪಾಠ ಮಾಡುವ ಹಾಗೆ," ಎಂದರು. ನಾನು ಮಕ್ಕಳಿಗೆ ಹಾಗೆ ಪಾಠ ಮಾಡುವುದಿಲ್ಲ, ಮೊದಲ ದಿನವೇ ತುಂಡು ಮಾಡುತ್ತೇನೆ. ಅದನ್ನು ಅವರಿಗೆ ಹೇಳಲಿಲ್ಲ. ಕಾಕ ಎರಡು ರೀಲು ಮುಂದಿಟ್ಟರು. ಒಂದು ಸಣ್ಣದು, ಚಿನ್ನದ ಬಣ್ಣ, ಥಳಥಳ. ಇನ್ನೊಂದು ಕಪ್ಪಗೆ, ದೊಡ್ಡ ಹೊಟ್ಟೆಯದು. ನನ್ನ ಕಣ್ಣು ಚಿನ್ನದ ಬಣ್ಣದ ಮೇಲೆಯೇ ಇದ್ದದ್ದನ್ನು ನೋಡಿ, "ಎರಡನ್ನೂ ಕೊಂಡುಹೋಗಿ. ನೂಲು ಹಾಕಿ ನೋಡಿ. ಆಗದ್ದನ್ನು ಸೋಮವಾರ ವಾಪಸ್ ತನ್ನಿ," ಎಂದರು.

ಹಾಕಿ ನೋಡಲಿಕ್ಕೆ ನೂಲು? ಆ ಬೆಳಿಗ್ಗೆಯೇ ನಾನು ಶೆಟ್ರ ಡ್ರಾಯರಿನಿಂದ ಅದನ್ನು ಕದ್ದಾಗಿತ್ತು. ನನ್ನ ಜೀವನದ ಮೊದಲ ಕಳವು. ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವವರೆಗೂ ಬೆವರುತ್ತಿದ್ದೆ.

ಮನೆಗೆ ಬಂದವನೇ ಹೂ ಕೊಯ್ಯುವ ದೋಟಿಯ ಬುಡಕ್ಕೆ ಚಿನ್ನದ ರೀಲನ್ನು ಕಟ್ಟಿದೆ. ಕಾಕ ಹೇಳಿದ್ದನ್ನು ಮರೆತು ನೂಲನ್ನು ಅಂಚಿನವರೆಗೆ ಒತ್ತಿ ಒತ್ತಿ ಸುತ್ತಿದೆ. ಅದರ ತುದಿಯನ್ನು ದೋಟಿಯ ಕೊಕ್ಕೆಯಲ್ಲಿ ತೂರಿಸಿ ಒಂದು ನಿಂಬೆಹಣ್ಣಿಗೆ ಬಿಗಿದು, ಮೈಯೆಲ್ಲ ಬಲ ಹಾಕಿ ಬೀಸಿದೆ. ನಿಂಬೆಹಣ್ಣು ಕಾಲಬುಡದಲ್ಲೇ ಬಿತ್ತು. ಬೀಸಿದ ಬಲವೆಲ್ಲ ನೂಲಿಗೆ ಹೋಯಿತು! ಅದು ಬುಸ್ಸೆಂದು ಸುರುಳಿ ಸುರುಳಿಯಾಗಿ ಹಾರಿ ದಾಸವಾಳದ ಗಿಡವನ್ನು ಸುತ್ತಿ, ಒಣಗಲು ಹಾಕಿದ್ದ ಸೀರೆಯನ್ನು ಸುತ್ತಿ, ಚಾಪೆಯ ಮೇಲಿನ ಸಂಡಿಗೆಯನ್ನೆಲ್ಲ ಗುಡಿಸಿಕೊಂಡು ನನ್ನ ಕನ್ನಡಕಕ್ಕೆ ಬಂದು ನಿಂತಿತು. ನನ್ನ ಹೆಂಡತಿ ಸುಮನಾ ಓಡಿಬಂದಳು. "ಅಯ್ಯೋ ದೇವರೇ, ಎಂತ ಇದು?" ಎಂದಳು. "ಫ್ಲೋರೋಕಾರ್ಬನ್," ಎಂದೆ. "ನನ್ನ ಸಂಡಿಗೆ!" ಎಂದಳು. ವಿಷಯ ತಿಳಿಸಿದ ಮೇಲೆ ಇಬ್ಬರೂ ಕೂತು ಬಿಡಿಸಿದೆವು. ಬಿಡಿಸಲಾಗದ್ದನ್ನು ಅವಳು ಕತ್ತರಿಯಿಂದ ಕಚಕಚನೆ ಕತ್ತರಿಸಿದಳು. ಒಂದೊಂದು ಕಚಕ್ಕಿಗೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಕಪ್ಪು ರೀಲಿಗೆ ಉಳಿದ ನೂಲನ್ನು ಒದ್ದೆ ಮಾಡಿ, ಅಂಚು ಬಿಟ್ಟು, ನಾಜೂಕಾಗಿ ಸುತ್ತಿದೆ. ಬೀಸಿದೆ. ಏನು ಹೇಳಲಿ! ನಿಂಬೆಹಣ್ಣು ತೆಂಗಿನ ಮರದೆತ್ತರಕ್ಕೆ ಹಾರಿ, ಅಂಗಳ ದಾಟಿ, ಸೀದಾ ಬಾವಿಯೊಳಗೆ ಬಿತ್ತು. ಹಿಡಿಕೆ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನಯ. ಒದ್ದೆ ನಿಂಬೆಹಣ್ಣು ಬಾವಿಕಟ್ಟೆ ಹತ್ತಿ, ಕುಣಿಯುತ್ತಾ ನನ್ನ ಬಳಿಗೆ ಬಂತು. "ಸಿಕ್ಕಿತು! ಸಿಕ್ಕಿತು!" ಎಂದು ನಾನು ಪಂಚೆ ಎತ್ತಿ ಕುಣಿದೆ. ಆ ಸಂಜೆ ಅದೇ ನಿಂಬೆಹಣ್ಣನ್ನು ಎಷ್ಟು ಸಲ ಹಿಡಿದೆನೋ ಲೆಕ್ಕವಿಲ್ಲ. ಸುಮನಾ ದೀಪ ಹಚ್ಚಿ ಬಂದು, "ಇದು ಶೆಟ್ರಿಗೆ ಆರಿಸುವುದಾ, ನಿಮಗಾ?" ಎಂದು ಕೇಳಿದಳು. ನಾನು ಇನ್ನೊಂದು ಸಲ ಬೀಸಿದೆ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಪುನಃ ಉಂಡೆ ಸುತ್ತಿದ ನೂಲನ್ನು ಡ್ರಾಯರಿನಲ್ಲಿಟ್ಟೆ. ಶೆಟ್ರು ಬಂದು, ಅದನ್ನು ಎತ್ತಿ ತೂಗಿ ನೋಡಿ, ಮೂಸಿ, ಅದರಲ್ಲಿ ಸಿಕ್ಕಿಕೊಂಡಿದ್ದ ಸಂಡಿಗೆಯ ಚೂರೊಂದನ್ನು ತೆಗೆದು ಬೆಳಕಿಗೆ ಹಿಡಿದರು. ನನಗೆ ಜೀವ ಹೋದ ಹಾಗಾಯಿತು. ಅವರು ಆ ಚೂರನ್ನು ಮೇಜಿನ ಮೇಲಿಟ್ಟರು. ಮೆಲ್ಲ ನನ್ನ ಹೆಗಲು ತಟ್ಟಿದರು. ಅಂದಿನಿಂದ ಅವರ ವರ್ತನೆಯೇ ಬದಲಾಯಿತು. ನನ್ನ ಕಿವಿಯ ಬಳಿ ಬಂದು ಯಾವ ಮೀನಿಗೆ ಎಂತ ಆಹಾರ ಇಷ್ಟ ಎಂದು ಪಿಸುಗುಡುವರು, ಬೇರೆ ಯಾರಾದರೂ ಬಂದರೆ ಮಾತು ಬದಲಿಸಿ ಮಳೆಯ ವಿಷಯ ತೆಗೆಯುವರು. ಕಳ್ಳನಿಗೆ ಇಷ್ಟು ಮರ್ಯಾದೆ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಬೀಳ್ಕೊಡುಗೆಯ ದಿನ. ಎಲ್ಲರೂ ಮನೆಯವರೊಂದಿಗೆ ಬಂದಿದ್ದರು. ಶಾಲು, ಹಾರ, ಪೇಟ ಆದ ಮೇಲೆ ಮೇಡಂ, "ಸಿಬ್ಬಂದಿ ವರ್ಗದ ಪರವಾಗಿ" ಎಂದು ಪೆಟ್ಟಿಗೆ ಕೊಟ್ಟರು. ಗಡಿಯಾರವೆಂದೇ ತಿಳಿದು ಶೆಟ್ರು ಬೇಸರದಿಂದ ಬಿಚ್ಚಿದರು. ಕಪ್ಪು ರೀಲನ್ನು ಕಂಡವರೇ ಅದನ್ನು ಕೈಗೆತ್ತಿಕೊಂಡರು. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರು. ಪೇಟದ ಅಡಿಯಲ್ಲಿ ಕಣ್ಣು ಒದ್ದೆಯಾದದ್ದು ನನಗೆ ಸರಿಯಾಗಿ ಕಾಣಿಸಿತು. ಸಭೆ ಮುಗಿದ ಕೂಡಲೇ ಓಡಿಹೋಗಿ, "ಆರಿಸಿದ್ದು ನಾನು" ಎನ್ನಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಶೆಟ್ರು ಮೈಕ್ ಹಿಡಿದರು.

"ನನಗೆ ಹೊಸದು ಬಂತು. ಹಳೆಯ ಕೋಲು, ರೀಲು ಯಾರಿಗೆ ಅಂತ ನಾನು ಮೊದಲೇ ನಿಶ್ಚಯ ಮಾಡಿ ಇವತ್ತು ತಂದಿದ್ದೇನೆ. ನಮ್ಮ ಭಟ್ರಿಗೆ ಗಾಳ ಹಾಕುವ ಆಸೆ ಉಂಟು. ಪಾಪ, ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ನನ್ನ ನೂಲನ್ನು ಕದ್ದು ಸಹ ಪ್ರಯತ್ನ ಮಾಡಿದ್ದಾರೆ," ಎಂದರು. ಸಭೆ ಗೊಳ್ಳೆಂದಿತು. ಎರಡನೆಯ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಸುಮನಾ. ಅದು ಹಾಗಲ್ಲ ಎಂದು ಹೇಳಲು ನಾನು ಎದ್ದು ನಿಂತೆ. ಶೆಟ್ರು ನನ್ನನ್ನೇ ನೋಡುತ್ತಾ, "ಆದಿತ್ಯವಾರ ಬನ್ನಿ ಭಟ್ರೇ. ಇಪ್ಪತ್ತು ವರ್ಷ ಎದುರು ಕೂತವರು. ಇನ್ನು ನಾನೊಬ್ಬನೇ ಕೂತ್ಕೊಂಡು ಎಂತ ಮಾಡುವುದು?" ಎಂದರು. ನನಗೆ ಅಳು ಬಂತು. ನಾಳೆಯಿಂದ ಆ ಕುರ್ಚಿ ಖಾಲಿ ಎಂಬುದನ್ನು ಈ ರೀಲಿನ ಗಡಿಬಿಡಿಯಲ್ಲಿ ನಾನು ಯೋಚಿಸಿಯೇ ಇರಲಿಲ್ಲ. ವೇದಿಕೆ ಹತ್ತಿ ಕೋಲು ತೆಗೆದುಕೊಂಡೆ.

ಸುಮನಾ ಹಾಕಿದ್ದು ಒಂದೇ ಷರತ್ತು: ಕೊಕ್ಕೆ ಇರಬಾರದು. ಹಾಗಾಗಿ ಈಗ ಪ್ರತಿ ಆದಿತ್ಯವಾರ ನದಿಯ ದಡದಲ್ಲಿ ನಾವಿಬ್ಬರು. ನನ್ನ ನೂಲಿನ ತುದಿಯಲ್ಲಿ ಬರೀ ಸೀಸದ ಗುಂಡು. ಬೀಸುತ್ತೇನೆ, ಸುತ್ತುತ್ತೇನೆ, ಗಮ್ಮತ್ತೋ ಗಮ್ಮತ್ತು. ಶೆಟ್ರದ್ದು ಕಾಣದ ನೂಲು, ಹೊಸ ರೀಲು, ಹರಿತವಾದ ಕೊಕ್ಕೆ, ತಾಜಾ ಎರೆಹುಳ, ಎಲ್ಲವೂ ಉಂಟು. ನೂಲು ಒಂದು ದಿನವೂ ಹಾರಿಲ್ಲ. ಆದರೆ ಮೂರು ತಿಂಗಳಾಯಿತು, ಇಷ್ಟರವರೆಗೆ ಅವರಿಗೂ ಒಂದೇ ಒಂದು ಮೀನು ಸಿಕ್ಕಿಲ್ಲ. ನೂಲು ಮೀನಿಗೆ ಕಾಣುವುದಿಲ್ಲ ಎನ್ನುವುದು ಸತ್ಯವಿರಬಹುದು, ಎರೆಹುಳವೂ ಕಾಣುವುದಿಲ್ಲವೋ ಏನೋ. ಆರಿಸಿದ್ದು ನಾನು ಎಂಬ ಗುಟ್ಟನ್ನು ಇವತ್ತು ಹೇಳುವ, ಇವತ್ತು ಹೇಳುವ ಎಂದು ಪ್ರತಿ ವಾರ ಹೊರಡುತ್ತೇನೆ. ಮೊನ್ನೆ ಶೆಟ್ರೇ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ, ನೀರನ್ನೇ ನೋಡುತ್ತಾ, "ಅಲ್ಲ ಭಟ್ರೇ, ನಿಜ ಹೇಳಿ. ಈ ರೀಲನ್ನು ಆರಿಸಿದ್ದು ಯಾರು?" ಎಂದು ಕೇಳಿದರು.

"ಅದಾ? ಸ್ಟಾಫ್ ಎಲ್ಲ ಸೇರಿ," ಎಂದೆ.