ನೆವಿಲ್ ಹೊದಿಸಿದ ಗೋಡೆ

ಒಂದಾನೊಂದು ಕಾಲದಲ್ಲಿ ಯಾರ್ಕ್‌ಶೈರಿನ ಗುಡ್ಡದ ಮೇಲೆ ಒಂದು ಗಾಳಿ ಇತ್ತಂತೆ. ಅದಕ್ಕೆ ಸ್ವಂತ ಮನೆ ಇರಲಿಲ್ಲ. ಅದಕ್ಕೇ ಅದು ನೆವಿಲ್ ಸಗ್ಡನ್ನನ ಮನೆಯಲ್ಲಿ ಬಿಟ್ಟಿ ಬಿಡಾರ ಹೂಡಿತ್ತು. ಕಿಟಕಿಯ ಸಂದಿನಿಂದ ಹೊಕ್ಕು, ಪರದೆಯನ್ನೊಮ್ಮೆ ಎತ್ತಿ ನೋಡಿ, ನೆಟ್ಟಗೆ ಹೋಗಿ ಅವನ ಹೆಂಡತಿ ಹಿಲ್ಡಾಳ ಕಾಲುಚೀಲದೊಳಗೆ ಕೂತುಬಿಡುತ್ತಿತ್ತು.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಹಿಲ್ಡಾ ಬಟ್ಟೆಬರೆ ತುಂಬಿದ ಪೆಟ್ಟಿಗೆಯನ್ನು ತಂದು ಬಾಗಿಲ ಬಳಿ ಇಟ್ಟಳು.

"ನೋಡು ನೆವಿಲ್, ಮೂರು ಚಳಿಗಾಲದಿಂದ ಗೋಡೆಗೆ ಹೊದಿಕೆ ಹಾಕ್ತೀನಿ, ಹಾಕ್ತೀನಿ ಅಂತಾನೇ ಇದೀಯ. ಇವತ್ತು ಸಂಜೆಯೊಳಗೆ ಈ ಕೋಣೆ ಬೆಚ್ಚಗಾಗಲಿಲ್ಲ ಅಂದ್ರೆ ನಾನು ಸ್ಕಾರ್ಬರೋಗೆ, ತಂಗಿ ಮನೆಗೆ. ವಸಂತ ಬಂದ್ಮೇಲೆ ಬರ್ತೀನಿ."

"ಅಲ್ಲಿವರೆಗೆ ನಾನೇನು ತಿನ್ಲಿ?"

"ಗಾಳಿ ತಿನ್ನು. ಧಾರಾಳವಾಗಿದೆ."

ತನ್ನ ಮೂಗಿನ ಮೇಲಿರುವ ಕನ್ನಡಕವನ್ನು ಹುಡುಕಿಕೊಡುವುದಕ್ಕೂ ನೆವಿಲ್‌ಗೆ ಹಿಲ್ಡಾಳೇ ಬೇಕಿತ್ತು.

ಗೋಡೆಗೆ ಹೊದಿಸಿ ಶಾಖ ಸೋರದಂತೆ ತಡೆಯುವ ಹಲಗೆಗಳೇನೋ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಬಿದ್ದಿದ್ದವು. ಆದರೆ ಇದ್ದದ್ದು ಒಂದು ಗೋಡೆಗೆ ಸಾಲುವಷ್ಟೇ. ಯಾವ ಗೋಡೆಗೆ ಹಾಕುವುದು? ಇದನ್ನು ತೀರ್ಮಾನಿಸಲು ಎದುರುಮನೆಯ ವಾಲ್ಟ್, ಯಾರೂ ಕರೆಯದಿದ್ದರೂ, ಚಹಾದ ಲೋಟ ಸಮೇತ ಹಾಜರಾದ. ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಇಳಿದುಹೋದ ಪ್ರಯಾಣಿಕರಿಗೂ ದಾರಿ ಹೇಳುವ ಸ್ವಭಾವ.

ವಾಲ್ಟ್ ಮೊದಲು ಬೀದಿ ಕಡೆಯ ಗೋಡೆಗೆ ಅಂಗೈ ಒತ್ತಿದ. "ಇದು ಮಂಜುಗಡ್ಡೆ ಕಣೋ. ಇದರಲ್ಲಿ ಶಾಖಾನೇ ಇಲ್ಲ. ಇಲ್ಲದ್ದು ಹೊರಗೆ ಹೋಗೋದು ಹೇಗೆ?" ಆಮೇಲೆ ಪಕ್ಕದ ಮನೆಗೆ ಅಂಟಿಕೊಂಡ ಗೋಡೆ ಮುಟ್ಟಿದ. "ಬಾ ಇಲ್ಲಿ. ಈಗ ತಾನೆ ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗಿದೆ. ನಿನ್ನ ಶಾಖವೆಲ್ಲ ಸೋರ್ತಿರೋದು ಇಲ್ಲೇ."

ಆ ಗೋಡೆಯಾಚೆ ಇದ್ದವಳು ಎನಿಡಜ್ಜಿ, ಒಂಟಿ ಮುದುಕಿ.

"ಅಂದ್ರೆ ಆಯಮ್ಮ ಇಷ್ಟು ವರ್ಷ ನನ್ನ ಗ್ಯಾಸ್ ಹೀಟರಿನಲ್ಲಿ ಬೆನ್ನು ಕಾಯಿಸ್ಕೋತಿದ್ಳಾ?"

"ಮತ್ತೆ? ಯಾವಾಗ ನೋಡಿದ್ರೂ ನಗ್ತಿರ್ತಾಳಲ್ಲ, ಸುಮ್ನೆನಾ?"

ನೆವಿಲ್ ಕೋಟು ಬಿಚ್ಚಿ ಯುದ್ಧಕ್ಕಿಳಿದ. ಮೊದಲ ಹಲಗೆಯನ್ನು ತಲೆಕೆಳಗಾಗಿ ಕೊಯ್ದ. ಪ್ಲಗ್ಗಿಗೆಂದು ಬಿಟ್ಟ ತೂತು ಸೂರಿನ ಹತ್ತಿರ ಹೋಗಿ ಕೂತಿತು. ಎರಡನೆಯದನ್ನು ಹೊತ್ತು ಹಿಮ್ಮುಖವಾಗಿ ಬರುವಾಗ ವಾಲ್ಟ್ ಹಳೇ ರೂಢಿಯಂತೆ "ರೈಟ್, ರೈಟ್, ಇನ್ನೂ ಹಿಂದೆ" ಎನ್ನುತ್ತಲೇ ಇದ್ದ. ಹಿಲ್ಡಾಳ ಮದುವೆಗೆ ಉಡುಗೊರೆ ಬಂದಿದ್ದ ದೀಪ ಫಳಾರೆಂದು ಒಡೆದ ಮೇಲೆ "ಹೋಲ್ಡಾನ್" ಎಂದ. ಸಂದುಗಳಿಗೆ ತುಂಬುವ ನೊರೆಯ ಡಬ್ಬಿ ಒತ್ತಿದರೆ ಅದು ಹುಚ್ಚು ಹಿಟ್ಟಿನಂತೆ ಉಬ್ಬಿ, ವಾಲ್ಟ್‌ನ ಟೋಪಿಯನ್ನು ಅವನ ತಲೆಗೇ ಭದ್ರಪಡಿಸಿತು.

ಮಧ್ಯಾಹ್ನ ಎನಿಡಜ್ಜಿಯೇ ತಟ್ಟೆ ಹಿಡಿದು ಬಂದಳು. "ಕುಟ್ಟೋ ಸದ್ದು ಕೇಳಿಸ್ತು. ದಣಿದಿರ್ತೀರ ಪಾಪ ಅಂತ ಶುಂಠಿ ಕೇಕ್ ತಂದೆ ಮಗಾ."

"ನಿಮಗ್ಯಾಕೆ ತೊಂದರೆ ಅಜ್ಜಿ," ಎಂದ ನೆವಿಲ್. ಶಾಖಗಳ್ಳಿ ಎಂದು ಮನಸ್ಸಿನಲ್ಲೇ ಬೈಯುತ್ತ ಮೂರು ತುಂಡು ಮುಗಿಸಿದ.

ಸಂಜೆಗೆ ಗೋಡೆ ಹೊಸ ಮದುಮಗಳಂತೆ ಬೆಳ್ಳಗೆ ನಿಂತಿತು. ಕೋಣೆ ನಾಲ್ಕು ಬೆರಳು ಕುಗ್ಗಿ, ಸೋಫಾ ಮುಂದೆ ಬಂದು, ಬಾಗಿಲು ಅರ್ಧವೇ ತೆರೆಯುತ್ತಿತ್ತು. ಮೂಲೆಯಲ್ಲೊಂದು ಸಂದು ಮಾತ್ರ ಉಳಿದಿತ್ತು. ಹೀಟರ್ ಪೂರ್ತಿ ತಿರುಗಿಸಿ ಮೂವರೂ ಶಾಖಕ್ಕಾಗಿ ಕಾದರು.

ಹಿಲ್ಡಾ ಶಾಲು ಹೊದ್ದಳು. ಆಮೇಲೆ ಕಂಬಳಿ ಹೊದ್ದಳು. ಆಮೇಲೆ ಅವಳು ಬಿಟ್ಟ ಉಸಿರು ಹೊಗೆಯಾಗಿ ನೆವಿಲ್‌ನ ಮುಖದ ಮುಂದೆಯೇ ತೇಲಿತು.

"ಮುಂಚೆ ಇದಕ್ಕಿಂತ ಬೆಚ್ಚಗಿತ್ತಲ್ಲೋ," ಎಂದಳು.

ಅಷ್ಟರಲ್ಲಿ ಬಾಗಿಲ ಸಂದಿನಲ್ಲಿ ಎನಿಡಜ್ಜಿ ಅಡ್ಡಡ್ಡವಾಗಿ ತೂರಿ ಬಂದಳು. ತೆಳು ರವಿಕೆ, ಕೆಂಪು ಮುಖ. ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

"ಅದೇನು ಮಾಯ ಮಾಡಿದೆಯೋ ನೆವಿಲ್? ನನ್ನ ಮನೆ ಬೇಕರಿಯಾಗಿದೆ. ಆ ಗೋಡೆಗೇ ಆತುಕೊಂಡಿರೋದು ನನ್ನ ಒಲೆ. ಇಷ್ಟು ವರ್ಷ ಎಷ್ಟು ಕಟ್ಟಿಗೆ ತುಂಬಿದ್ರೂ ಕಾವೆಲ್ಲ ಎಲ್ಲಿಗೆ ಹೋಗುತ್ತೆ ಅಂತಾನೇ ಗೊತ್ತಾಗ್ತಿರಲಿಲ್ಲ."

ವಾಲ್ಟ್ ಸೂರಿನ ಕಡೆ ಬಹಳ ಆಸಕ್ತಿಯಿಂದ ನೋಡತೊಡಗಿದ. ಹಿಲ್ಡಾ ಗಂಡನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಎದ್ದು ಪೆಟ್ಟಿಗೆ ಎತ್ತಿಕೊಂಡಳು.

"ಸ್ಕಾರ್ಬರೋಗಾ?" ಎಂದ ನೆವಿಲ್.

"ಅಷ್ಟು ದೂರ ಯಾಕೆ ಇನ್ನು? ಪಕ್ಕದ ಮನೆಗೆ. ಬಾ ಅಜ್ಜಿ."

"ನಾನೂ ಬರ್ತೀನಿ. ತಲೆ ಮೇಲಿನ ನೊರೆ ಒಣಗಬೇಕಲ್ಲ," ಎಂದು ವಾಲ್ಟ್ ಹಿಂದೆಯೇ ಜಾರಿದ.

"ನಾನು?"

"ನೀನೂ ಬಾ, ಬೇಡ ಅಂದವರ್ಯಾರು?" ಹಿಲ್ಡಾ ಹೊಸ್ತಿಲಿಂದ ತಿರುಗಿದಳು. "ಒಪ್ಪಿಕೊಂಡ ಕೆಲಸ ಮುಗಿಸಿ ಬಾ. ಆ ಮೂಲೆಯ ಸಂದು ಹಾಗೇ ಇದೆ. ಪಾಪ, ಅಜ್ಜಿ ಮನೆ ಶಾಖ ಸೋರುತ್ತೆ."

ನೆವಿಲ್ ಮೂಲೆಯಲ್ಲಿ ಮಂಡಿಯೂರಿದ. ಸಂದಿನಿಂದ ಎಳೆಯಷ್ಟು ಬಿಸುಪು ಬರುತ್ತಿತ್ತು. ಅದರ ಜೊತೆಗೆ ಹಿಲ್ಡಾಳ ನಗು. ಸ್ವಲ್ಪ ಹೊತ್ತು ಅಲ್ಲೇ ಮೂಗು ಕಾಯಿಸಿಕೊಂಡ. ನಿಟ್ಟುಸಿರಿಟ್ಟು ಡಬ್ಬಿ ಒತ್ತಿದ. ನೊರೆ ಉಬ್ಬಿ ಸಂದು ಮುಚ್ಚಿತು. ಮೂರು ಚಳಿಗಾಲದ ಕೆಲಸ ಕೊನೆಗೂ ಮುಗಿಯಿತು. ಎಷ್ಟು ಚೊಕ್ಕಟವಾಗಿ ಮುಗಿಯಿತೆಂದರೆ, ಗೋಡೆಗೆ ಕಿವಿಯಿಟ್ಟರೂ ಆಚೆಯ ನಗು ಒಂದು ಚೂರೂ ಕೇಳಿಸಲಿಲ್ಲ.