ಮೆಹರಾಜಳ ಬಳ್ಳಿ ವಾಸಿಯಾದದ್ದು

ಮೆಹರಾಜ ಹಸಿ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದಳು. ಎಲೆಯ ಕೆಳಗೆ ಎಡಗೈ ಕೊಟ್ಟು, ಮಲಗಿದ ಕೂಸಿನ ಮುಖ ಒರೆಸಿದ ಹಾಗೆ ಮೇಲೆ ಬಟ್ಟೆ ಆಡಿಸುವುದು, ಅಷ್ಟೇ. ಹಸಿರು ಎಲೆ, ಅಂಚಿಗೆ ಹಾಲು ಚೆಲ್ಲಿದಂಥ ಬಿಳುಪು. ಪೇಂಟಿನ ಡಬ್ಬಿಯಿಂದ ಮೊಳದುದ್ದ ಇಳಿಬಿದ್ದ ಹದಿನಾರು ಬಳ್ಳಿ. ನರ್ಸರಿಯವನು ಅದಕ್ಕೊಂದು ಹೆಸರು ಹೇಳಿದ್ದ. ಬಸ್ಸು ಅಳವಂಡಿ ಮುಟ್ಟುವಷ್ಟರಲ್ಲಿ ಮರೆತುಹೋಗಿತ್ತು.

ತೀರಾ ನಾಜೂಕಿನ ಗಿಡ. ಬಿಸಿಲು ತಾಗಿದರೆ ಸುಡುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಒಂದು ವರ್ಷ ಅದನ್ನು ಒಳಗೆ ಹೊರಗೆ ಹೊತ್ತು ತಿರುಗಿದ್ದಳು. ನಡುವೆ ಪೂರ್ತಿ ಹಸಿರಾದ ಕುಡಿ ಬಂದರೆ ಚಿವುಟಿ ಹಾಕಬೇಕು. ಬಿಟ್ಟರೆ ಅದೇ ದಷ್ಟಪುಷ್ಟವಾಗಿ ಬೆಳೆದು ಪಟ್ಟೆಯ ಬಳ್ಳಿಯನ್ನೆಲ್ಲ ನುಂಗುತ್ತದೆ. ಅಂಥ ಎರಡು ಕುಡಿ ಅಂದು ಕಣ್ಣಿಗೆ ಬಿದ್ದವು. ಒರೆಸಿದ ಮೇಲೆ ಚಿವುಟಿದರಾಯಿತು ಎಂದುಕೊಂಡಳು.

ಮಧ್ಯಾಹ್ನ ಕೊಪ್ಪಳದಲ್ಲಿ ಗಿಡಗಳ ಪ್ರದರ್ಶನ. ಪ್ರತಿ ಕುಂಡದ ಮುಂದೆ ಬೆಳೆದವರ ಹೆಸರು ಬರೆದಿಡುತ್ತಾರಂತೆ. ಆರನೆಯ ತರಗತಿಗೇ ಶಾಲೆ ಬಿಟ್ಟ ಮೆಹರಾಜಳ ಹೆಸರು ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಬಿದ್ದಿರಲಿಲ್ಲ. ಇವತ್ತು ನಾಲ್ಕು ಜನ ಓದುತ್ತಾರೆ.

ಅಷ್ಟರಲ್ಲಿ ಓಣಿಯ ನಳಕ್ಕೆ ನೀರು ಬಂತು. ಕೊಡ ಹಿಡಿದು ಓಡಿದಳು.

ತಿರುಗಿ ಬಂದಾಗ ಡಬ್ಬಿ ಬೋಳಾಗಿತ್ತು. ಜಾತ್ರೆ ಚದುರಿದ ಮೇಲೆ ಉಳಿದ ಪೊಲೀಸರಂತೆ ಆ ಎರಡು ಹಸಿರು ಕುಡಿ ಮಾತ್ರ ನಿಂತಿದ್ದವು. ಪಕ್ಕದ ಮನೆಯ ಕಸ್ತೂರೆಮ್ಮ ಕೈ ಕೊಡವುತ್ತ ತನ್ನ ಹಿತ್ತಲಿಂದ ಬಂದಳು.

“ಹೆದರಬ್ಯಾಡವಾ, ಹೊತ್ತಿಗೆ ಸರಿಯಾಗಿ ನೋಡಿದೆ. ಗಿಡಕ್ಕ ರೋಗ ಹತ್ತಿತ್ತು. ಈ ಸಲ ನಮ್ಮ ಬೆಂಡಿ ಹೊಲಾನೂ ಹಿಂಗ ಹಾಳಾತು. ಪಟ್ಟಿ ಬಿದ್ದಿದ್ದೆಲ್ಲಾ ಕಿತ್ತು ಒಲ್ಯಾಗ ಹಾಕೀನಿ. ಎರಡ ಕುಡಿ ಛಲೋ ಇದ್ವು, ಉಳಿಸೀನಿ.”

“ಅದು ರೋಗ ಅಲ್ಲ ಚಿಗವ್ವ. ಅದರ ಬಣ್ಣನ ಹಂಗ.”

“ರೋಗ ಬಂದವರೂ ಹಂಗ ಅಂತಾರ.”

ಮೆಹರಾಜಳ ಮೈಯೆಲ್ಲ ಉರಿಯಿತು. ನಿಮ್ಮ ಎಮ್ಮೆಯ ಹಣೆಯ ಮೇಲೂ ಬಿಳಿ ಮಚ್ಚೆ ಇದೆ, ನಾನು ಬಂದು ಅದರ ತಲೆ ತೆಗೆದೆನೇ ಎಂದು ಕೇಳಬೇಕೆನಿಸಿತು. ಬಾಯಿಂದ ಹೊರಟದ್ದು ಇಷ್ಟೇ: “ಒಂದ ಮಾತು ಕೇಳಬೇಕಿತ್ತಲ್ರಿ.”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ.”

ಸದ್ದು ಕೇಳಿ ಕಸ್ತೂರೆಮ್ಮನ ಗಂಡ ಪಕ್ಕೀರಪ್ಪ ಬಂದ. ಡಬ್ಬಿ ನೋಡಿದ, ಒಲೆಯ ಹೊಗೆ ನೋಡಿದ. “ಏನ್ ಮಾಡಿದಿ ಇದನ್ನ? ಇಂಥ ಗಿಡ ಕೊಪ್ಪಳದಾಗ ದೊಡ್ಡ ದೊಡ್ಡ ಮನಿಯವರು ಬೇಕಂತ ಬೆಳಸ್ತಾರ,” ಎಂದು ಹೆಂಡತಿಯನ್ನು ಬೈದ. ಆಮೇಲೆ ಮೆಹರಾಜಳ ಕಡೆ ತಿರುಗಿದ. “ತಪ್ಪು ನಮ್ಮದು, ನಾವ ಸರಿ ಮಾಡತೀವಿ. ಎಲಿ ಮ್ಯಾಲ ಪಟ್ಟಿ ಇದ್ರಾತು, ಹೌದಿಲ್ಲ?”

“ಬ್ಯಾಡ ಬಿಡ್ರಿ ಕಾಕಾ.”

ಅವನಾಗಲೇ ಗಾಡಿ ಹತ್ತಿ ಹೊಲಕ್ಕೆ ಹೋಗಿದ್ದ. ಗಂಟೆಯೊಳಗೆ ಮೂರು ಬೆಂಡೆ ಗಿಡಗಳನ್ನು ಮಣ್ಣಿನ ಸಮೇತ ಕಿತ್ತು ತಂದ. ಎಲೆಗಳ ಮೇಲೆಲ್ಲ ಹಳದಿ ನರ, ಬಲೆ ಹಾಸಿದ ಹಾಗೆ. ಬೇಡ ಬೇಡವೆನ್ನುತ್ತಿದ್ದರೂ ಡಬ್ಬಿಗೆ ತುರುಕಿ, ಹೆಬ್ಬೆರಳಿಂದ ಮಣ್ಣು ಒತ್ತಿದ.

“ಈ ಪಟ್ಟಿ ಅದಕ್ಕಿಂತ ಎದ್ದು ಕಾಣತಾವ,” ಎಂದಳು ಕಸ್ತೂರೆಮ್ಮ.

“ಇದು ಇಳಿಬೀಳಾಂಗಿಲ್ಲಲ್ರಿ.”

“ಎರಡ ದಿನ ನೀರ ಹಾಕಬ್ಯಾಡ, ತಾನ ಬೀಳತೈತಿ.”

ಹೆಸರು ಬರೆಸಿದ ಮೇಲೆ ಹೋಗದಿದ್ದರೆ ಮರ್ಯಾದೆ ಇರುವುದಿಲ್ಲ ಎಂದು ಇಬ್ಬರೂ ಅವಳನ್ನು ಟಂಟಂ ಆಟೋ ಹತ್ತಿಸಿ ತಾವೂ ಹತ್ತಿದರು. ದಾರಿಯುದ್ದಕ್ಕೂ ಪಕ್ಕೀರಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, “ನಮ್ಮ ಹೊಲದ್ದು, ನಮ್ಮ ಹೊಲದ್ದು,” ಎಂದು ಸಿಕ್ಕವರಿಗೆಲ್ಲ ತೋರಿಸಿದ. ಮೆಹರಾಜ ಸೆರಗು ಎಳೆದುಕೊಂಡು ರಸ್ತೆ ನೋಡುತ್ತ ಹಲ್ಲು ಕಚ್ಚಿದಳು.

ಪ್ರದರ್ಶನದ ಬಾಗಿಲಲ್ಲಿ ಕುಳಿತ ತೋಟಗಾರಿಕೆ ಇಲಾಖೆಯ ಮೇಡಂ ಡಬ್ಬಿ ನೋಡಿದವರೇ ಎದ್ದು ನಿಂತರು.

“ಹಳದಿ ರೋಗದ ಬೆಂಡಿ ಅಲ್ರಿ ಇದು? ಬೆಳಿಗ್ಗಿಂದ ಇದನ್ನ ಹುಡುಕಾಕತ್ತೀವಿ. ರೈತರಿಗೆ ತೋರಸಾಕ ಒಂದು ಬೇಕಾಗಿತ್ತು. ನಾಚಿಕಿಗೆ ಯಾರೂ ತಂದಿಲ್ಲ. ಯಾರ ಬೆಳೆದಿದ್ದು?”

ಪಕ್ಕೀರಪ್ಪ ಡಬ್ಬಿಯನ್ನು ಬಿಸಿ ಬೋಗುಣಿಯಂತೆ ಮೆಹರಾಜಳ ಕೈಗೆ ದಾಟಿಸಿದ.

“ಈಕಿದ್ರಿ. ಡಬ್ಬಿನೂ ಈಕಿದ. ನಮ್ಮ ಹೊಲದಾಗ ಇಂಥಾದ್ದಿಲ್ಲ.”

“ನಾನೂ ಮುಂಜಾನೆ ಹೇಳೀನ್ರಿ, ರೋಗ ಐತಿ ಅಂತ. ಕೇಳಲಿಲ್ಲ,” ಎಂದಳು ಕಸ್ತೂರೆಮ್ಮ.

ಐದೇ ನಿಮಿಷದಲ್ಲಿ ಡಬ್ಬಿ ಎಲ್ಲಕ್ಕಿಂತ ಮುಂದಿನ ಮೇಜಿನ ಮೇಲಿತ್ತು. ಮೇಲೆ ಕೆಂಪು ಅಕ್ಷರ: ‘ನಿಮ್ಮ ಬೆಳೆ ಹೀಗಾಗದಿರಲಿ’. ಕೆಳಗೆ ದುಂಡಗೆ, ದೊಡ್ಡದಾಗಿ: ‘ಬೆಳೆದವರು: ಮೆಹರಾಜ, ಅಳವಂಡಿ’.

ಜನ ಸುತ್ತುವರಿದರು. ಒಬ್ಬ ಲೊಚಗುಟ್ಟಿದ. ಒಬ್ಬ, “ಔಷಧ ಹೊಡಿಲಿಲ್ಲೇನ ತಂಗಿ?” ಎಂದು ಕೇಳಿದ. ಉಳಿದವರು ಫೋಟೋ ತೆಗೆದರು. ಎಲ್ಲರೂ ಹೆಸರು ಓದಿದರು, ಕೆಲವರು ಜೋರಾಗಿಯೇ ಓದಿದರು. ಮೇಡಂ ಮೈಕಿನಲ್ಲಿ ಎಲ್ಲರನ್ನೂ ಅತ್ತಲೇ ಕರೆಯುತ್ತಿದ್ದರು. ಮೆಹರಾಜ ಜನರ ನಡುವೆ ತೂರಿ ಅವರ ಮೊಣಕೈ ಮುಟ್ಟಿದಳು.

“ಮೇಡಂ, ಆ ಹೆಸರೊಂದು ತಗೀರಿ.”