ಉದ್ದಿನ ಹಿಟ್ಟು ನುಂಗಿದ ಭೈರವಿ

"ಇನ್ನ ಮ್ಯಾಲೆ ಎಳ್ಳಿನಷ್ಟೂ ನಡುಕ ನೆಲಕ್ಕ ಇಳಿಯೂದಿಲ್ಲ, ಪದ್ದಿ!" ಎಂದು ವಾಮನರಾಯರು ಪಾಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹೆಂಡತಿಯ ಮೂಗಿನ ಮುಂದೆ ಹಿಡಿದರು. ಪದ್ಮಾವತಿಬಾಯಿಗೆ ಕಿವಿ ಕೇಳಿಸದೆ ಆರು ವರ್ಷವಾಗಿತ್ತು. ತುಟಿ ನೋಡಿ ಮಾತು ತಿಳಿಯುವುದರಲ್ಲಿ ಅವರು ಪಳಗಿದ್ದರು. ಆದರೆ ಹೊಸ ಯಂತ್ರದ ಹುರುಪಿನಲ್ಲಿ ರಾಯರ ಮಾತೆಲ್ಲ ಮೀಸೆಯೊಳಗೇ ಉಳಿದುಬಿಡುತ್ತಿತ್ತು. ಅದಕ್ಕೇ ಈ ಪಾಟಿ.

ರಾಯರು ಕಾರಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟರ್ ಆಗಿ ದುಡಿದು, ಈಗ ಧಾರವಾಡದ ಒಂದು ಮಹಡಿ ಮನೆಯಲ್ಲಿ ಕೂತು ಲೋಕೋದ್ಧಾರ ಮಾಡುತ್ತಿದ್ದರು. ಮುಚ್ಚಿದ ಟಾಕೀಜಿನಿಂದ ತಂದ ಎದೆಮಟ್ಟದ ಎರಡು ಸ್ಪೀಕರುಗಳು ನಡುಮನೆಯಲ್ಲಿ ನಿಂತಿದ್ದವು. ಕೆಳಮನೆಯ ನೀಲವ್ವನಿಗೆ ಅವುಗಳ ಮೇಲೆ ಸಿಟ್ಟು. "ನಿಮ್ಮ ತಬಲಾ ಜೋರಾತಂದ್ರ ನನ್ನ ಗ್ವಾಡಿ ಮಾಡದಾಗಿನ ಸ್ಟೀಲ್ ಡಬ್ಬಿ ಕುಣ್ಯಾಕ ಹತ್ತತಾವ್ರಿ" ಎಂದು ವಾರಕ್ಕೆರಡು ಸಲ ಮೆಟ್ಟಿಲು ಹತ್ತಿ ಬರುತ್ತಿದ್ದಳು.

ನಡುಕ ತಡೆಯುವ ರಬ್ಬರ್ ಪಾದಗಳ ಬೆಲೆ ಕೇಳಿ ರಾಯರು ಅಂಗಡಿಯಲ್ಲೇ ನೀರು ಕೇಳಿ ಕುಡಿದು ಬಂದಿದ್ದರು. ಆಮೇಲೆ ತಾವೇ ಹೂಡಿದ್ದು ಈ 'ಕಂಪನಭಕ್ಷಕ'. ತಳಕ್ಕೆ ಶಹಾಬಾದ್ ಕಲ್ಲು, ಅದರ ಮೇಲೆ ಸ್ಕೂಟರಿನ ಹಳೆ ಟ್ಯೂಬು, ಟ್ಯೂಬಿನೊಳಗೆ ಗಾಳಿಯ ಬದಲು ರುಬ್ಬಿದ ಉದ್ದಿನ ಹಿಟ್ಟು. ಅದರ ಮೇಲೆ ಸ್ಪೀಕರು. ಎರಡಕ್ಕೂ ಒಂದೊಂದು.

"ನಾಳಿ ಇಡ್ಲಿಗೆ ರುಬ್ಬಿಟ್ಟಿದ್ದೆ" ಎಂದರು ಪದ್ಮಾವತಿಬಾಯಿ.

"ಇಡ್ಲಿ ಒಂದ ದಿನ. ಇದು ಕಾಯಂ" ಎಂದು ರಾಯರು ಬರೆದು ತೋರಿಸಿದರು.

ಪದ್ಮಾವತಿಬಾಯಿ ಹಿಟ್ಟಿನ ಖಾಲಿ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಇಡ್ಲಿ ಹಾಳಾಗಲಿ, ಅವರ ಗುಟ್ಟೇ ಹೋಗುವುದರಲ್ಲಿತ್ತು. ದಿನಾ ಸಂಜೆ ರಾಯರು ಹಾಡು ಹಚ್ಚಿದಾಗ ಅವರು ಮೆಂತ್ಯದ ಸೊಪ್ಪು ಸೋಸುವ ನೆವದಲ್ಲಿ ಎಡಗಡೆಯ ಸ್ಪೀಕರಿನ ಬಳಿ ಬರಿಗಾಲಲ್ಲಿ ಕೂರುತ್ತಿದ್ದರು. ನೆಲದಿಂದ ಹಿಮ್ಮಡಿಗೆ ತಬಲಾ ಬರುತ್ತಿತ್ತು, ತಂಬೂರಿ ಮೊಣಕಾಲಿನವರೆಗೂ ಏರುತ್ತಿತ್ತು. ಮದುವೆಯಾದ ವರ್ಷ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂತು ಕೇಳಿದ್ದ ಭೈರವಿ ಬಂದರಂತೂ ಅಂಗಾಲಿನಲ್ಲೇ ಗುರುತು ಸಿಗುತ್ತಿತ್ತು. ಗಂಡನಿಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಮರುದಿನವೇ ಹಿಮ್ಮಡಿಗೊಂದು ಯಂತ್ರ ಕಟ್ಟುತ್ತಿದ್ದರು. ಹಿಂದೆ ಅವರು ಮಾಡಿಕೊಟ್ಟ ಶ್ರವಣಯಂತ್ರಕ್ಕೆ ಕೇಳಿಸುವುದು ಬರಲಿಲ್ಲ, ಓಣಿಯ ನಾಯಿಗಳನ್ನು ಕರೆಯುವುದು ಮಾತ್ರ ಬಂದಿತು.

ಅಂದು ಸಂಜೆ ಹಾಡು ಶುರುವಾಯಿತು. ರಾಯರು ಕಣ್ಣು ಮುಚ್ಚಿ ತಲೆದೂಗಿದರು. ಪದ್ಮಾವತಿಬಾಯಿ ಒಂದು ಕಾಲು ಊರಿದರು, ಇನ್ನೊಂದೂ ಊರಿದರು, ಕೊನೆಗೆ ಅಂಗೈಯನ್ನೂ ಇಟ್ಟು ನೋಡಿದರು. ನೆಲ ತಣ್ಣಗೆ ಸುಮ್ಮನಿತ್ತು. ಕಿವಿ ಹೋದ ದಿನ ಅವರು ಅತ್ತಿರಲಿಲ್ಲ, ಈ ಸಂಜೆ ಸೊಪ್ಪಿನ ಬುಟ್ಟಿ ಹಿಡಿದು ಅಡಿಗೆಮನೆಗೆ ಹೋಗಿ ಅತ್ತರು. ಆ ಭೈರವಿ ಇನ್ನೊಮ್ಮೆ ಬೇಕಿತ್ತು, ಅಷ್ಟೇ.

ಮೂರನೆಯ ದಿನ ಹಿಟ್ಟು ಹುಳಿ ಬಂತು. ನಡುಕ ತಿಂದು ತಿಂದು ಟ್ಯೂಬುಗಳು ಕುಂಬಳಕಾಯಿಯಾದವು, ಸ್ಪೀಕರುಗಳು ಗೇಣುದ್ದ ಮೇಲೆದ್ದವು. ಐದನೆಯ ದಿನ ಯಂತ್ರದ ಹಸಿವು ನೆಲದ ನಡುಕ ಸಾಲದೆ ಓಣಿಯ ಸದ್ದಿಗೂ ಹಬ್ಬಿತು. ಕುಕ್ಕರಿನ ಸೀಟಿ ಕೇಳಿಸದೆ ಮನೆಮನೆಯಲ್ಲೂ ಬೇಳೆ ಸೀದುಹೋಯಿತು. ನೀಲವ್ವ ಜಗಳಕ್ಕೆ ಮೇಲೆ ಬಂದು ಬಾಯಿ ತೆರೆದರೆ ದನಿಯೇ ಇಲ್ಲ!

"ನನ್ನ ಬಾಯಿ ಎಲ್ಲಿ ಹೋತು ಅಂತ ಕೇಳಾಕ ಹತ್ಯಾಳ" ಎಂದು ಪದ್ಮಾವತಿಬಾಯಿ ಆಕೆಯ ತುಟಿ ಓದಿ, ಪಾಟಿಯ ಮೇಲೆ ಬರೆದು ಗಂಡನಿಗೆ ತೋರಿಸಿದರು.

ಅಂದಿನಿಂದ ಅವರಿಗೆ ಪುರುಸೊತ್ತಿಲ್ಲ. ಹಾಲಿನವನು ಹೇಳಿದ್ದನ್ನು ನೀಲವ್ವನಿಗೆ ತಿಳಿಸಬೇಕು, ನೀಲವ್ವ ಬೈದದ್ದನ್ನು ಸ್ವಲ್ಪ ತೊಳೆದು ಹಾಲಿನವನಿಗೆ ಮುಟ್ಟಿಸಬೇಕು. ಊರಿಗೆಲ್ಲ ಕಿವಿಯಾದರೂ ಅವರ ಹಿಮ್ಮಡಿ ಮಾತ್ರ ಹಸಿದೇ ಇತ್ತು.

ಎಂಟನೆಯ ದಿನ ಸ್ಪೀಕರುಗಳು ಜಂತಿಗೆ ತಲೆ ತಾಗಿಸಿದವು. ಅಲ್ಲಿಯವರೆಗೆ ಸಣ್ಣಗಾದರೂ ಕೇಳುತ್ತಿದ್ದ ಹಾಡು ಅಂದು ಹಚ್ಚಿದರೆ ಸ್ವತಃ ರಾಯರಿಗೂ ಕೇಳಲಿಲ್ಲ. ಅವರು ನೆಲದ ಮೇಲೆ ಕುಕ್ಕರಿಸಿ ಪಾಟಿ ತೆಗೆದುಕೊಂಡರು.

"ಏನೂ ಕೇಳವಲ್ದು, ಪದ್ದಿ."

"ನನಗೂ" ಎಂದು ಅದರ ಕೆಳಗೆ ಪದ್ಮಾವತಿಬಾಯಿ ಬರೆದರು.

"ನಿನಗ ಆರು ವರ್ಷ ಆತಲ್ಲ."

"ಇಲ್ಲ. ಎಂಟು ದಿನ ಆತು."

ರಾಯರು ಅರ್ಥವಾಗದೆ ನೋಡಿದರು. ಪದ್ಮಾವತಿಬಾಯಿ ಅವರ ಕೈ ಹಿಡಿದು ತಮ್ಮ ಹಿಮ್ಮಡಿಯ ಪಕ್ಕ ನೆಲದ ಮೇಲೆ ಇರಿಸಿದರು. ಆಮೇಲೆ ಎಲ್ಲವನ್ನೂ ಬರೆದರು, ಸೊಪ್ಪು, ತಬಲಾ, ಜಮಖಾನೆ, ಭೈರವಿ. ಪಾಟಿ ಸಾಲದೆ ನೆಲದ ಕಲ್ಲಿನ ಮೇಲೂ ಬರೆದರು. ರಾಯರು ಅದನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ದಬ್ಬಳ ತಂದು ಎರಡೂ ಟ್ಯೂಬಿಗೆ ಚುಚ್ಚಿದರು.

ಢಮ್! ಹಿಟ್ಟು ನಾಲ್ಕೂ ಗೋಡೆಗೆ ಹಾರಿತು, ರಾಯರ ಮೀಸೆ ಬೆಳ್ಳಗಾಯಿತು. ಅದು ನುಂಗಿದ್ದ ಎಂಟು ದಿನದ ನಡುಕವೆಲ್ಲ ಒಟ್ಟಿಗೇ ನೆಲಕ್ಕಿಳಿಯಿತು. ಕೆಳಮನೆಯಲ್ಲಿ ಡಬ್ಬಿಗಳು ದ್ರುತ್ ಲಯದಲ್ಲಿ ಕುಣಿದವು, ನೀಲವ್ವನೂ ಅವುಗಳ ಹಿಂದೆ ಕುಣಿದಳು.

ಪದ್ಮಾವತಿಬಾಯಿ ಎರಡೂ ಕಾಲೂರಿ ನಿಂತಿದ್ದರು. ಭೈರವಿ ಬಂತು, ಹುಳಿ ಬಂದು ಇನ್ನಷ್ಟು ರುಚಿಯಾಗಿ ಬಂತು. ನಡುನಡುವೆ ಕುಕ್ಕರಿನ ಸೀಟಿ, ನೀಲವ್ವನ ಬೈಗುಳ. ಅವುಗಳ ಸಂದಿಯಲ್ಲಿ ಇನ್ನೊಂದು ಪೆಟ್ಟು, ಒಂದು ಗಿಡ್ಡ, ಒಂದು ಉದ್ದ, ಮತ್ತೆ ಮತ್ತೆ ಅದೇ. ಮೊದಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಪದ್‌ದೀ. ಅದು ರಾಯರ ದನಿ. ಕೇಳುವುದಿಲ್ಲವೆಂದು ಗೊತ್ತಿದ್ದೂ ಆ ಎಂಟು ದಿನವೂ ಅವರು ಬೆನ್ನ ಹಿಂದಿನಿಂದ ಕರೆಯುತ್ತಲೇ ಇದ್ದರು. ಆರು ವರ್ಷದಿಂದ ತಾವು ಅತ್ಯಂತ ಹಂಬಲಿಸಿದ್ದು ಭೈರವಿಗಲ್ಲ ಎಂಬುದು ಪದ್ಮಾವತಿಬಾಯಿಗೇ ಆಗ ಗೊತ್ತಾಯಿತು.

ನೆಲ ಸುಮ್ಮನಾದ ಮೇಲೆ ಅವರು ಕಣ್ಣೊರೆಸಿಕೊಂಡು, "ಮೂವತ್ತೇಳು ಸಲ ಕರದೀರಿ. ಎಲ್ಲಾ ಚಹಾಕ್ಕೇನು?" ಎಂದು ಕೇಳಿದರು.

ರಾಯರು ಪಾಟಿಯ ಮೇಲಿನ ಹಿಟ್ಟನ್ನು ತೋಳಿನಿಂದ ಒರೆಸಿ ಬರೆದರು: "ಚಹಾಕ್ಕ ಎರಡ ಸಲ."